ಹಾಸಿಗೆಯನ್ನು ಅಳೆದವರು ಯಾರು?

"ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬ ಗಾದೆಯನ್ನು ಕೇಳದೆ ಬೆಳೆದ ಕನ್ನಡಿಗರು ವಿರಳ. ಸಂಬಳ ಕೈಸೇರಿದ ದಿನ ಮನೆಯೊಡತಿ ಬಾಡಿಗೆ, ಹಾಲು, ದಿನಸಿ, ಮಕ್ಕಳ ಶಾಲೆಯ ಖರ್ಚು ಎಂದು ಬೆರಳು ಮಡಿಚುತ್ತ ಹೋಗುವಾಗ ಅವಳ ಮನಸ್ಸಿನಲ್ಲಿ ಸುಳಿಯುವುದು ಇದೇ ಗಾದೆ. ಅದರಲ್ಲಿ ವಿವೇಕವಿದೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ನಮ್ಮ ಹಿರಿಯರು ಈ ಗಾದೆಯಲ್ಲಿ ಒಂದು ಪ್ರಶ್ನೆಯನ್ನು ಕೇಳದೆಯೇ ಬಿಟ್ಟಿದ್ದಾರೆ. ಹಾಸಿಗೆಯನ್ನು ಅಳೆದವರು ಯಾರು? ಅದರ ಮೇಲೆ ಮಲಗುವವನೇ ಅಳೆದನೋ, ಇಲ್ಲವೆ ಅವನ ಎತ್ತರವನ್ನು ಒಮ್ಮೆಯೂ ಕಣ್ಣಾರೆ ಕಾಣದ ಬೇರೊಬ್ಬರು ಅಳೆದು ಕಳುಹಿಸಿದರೋ?

ಮನೆಗಿಂತ ಕಚೇರಿಯಲ್ಲಿ ಈ ಪ್ರಶ್ನೆ ಹೆಚ್ಚು ಹರಿತವಾದುದು. ಬೆಳಗಾವಿ ಜಿಲ್ಲೆಯ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳನ್ನೇ ತೆಗೆದುಕೊಳ್ಳೋಣ. ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆ ಹಾದುಹೋಗುವ ಸೀಮೆಯಿದು. ಇಲ್ಲಿ ಪುರಸಭೆಯ ಮುಖ್ಯಾಧಿಕಾರಿಗಳಿದ್ದಾರೆ. ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳಿದ್ದಾರೆ. ಕೃಷಿ ಮಾರುಕಟ್ಟೆಯ ಕಾರ್ಯದರ್ಶಿಗಳಿದ್ದಾರೆ. ನೇಕಾರರ ಸಹಕಾರಿ ಸಂಘಗಳನ್ನೂ ಪತ್ತಿನ ಸಂಘಗಳನ್ನೂ ನಡೆಸುವವರಿದ್ದಾರೆ. ಇವರೆಲ್ಲರ ಕೈಯಲ್ಲಿ ವರ್ಷಕ್ಕೊಮ್ಮೆ ಒಂದು ಕಾಗದ ಹುಟ್ಟುತ್ತದೆ. ಅದೇ ಆಯವ್ಯಯ ಪತ್ರ. ವರ್ಷವಿಡೀ ಇವರು ಆ ಕಾಗದವನ್ನು ಆಳುವರೋ, ಆ ಕಾಗದವೇ ಇವರನ್ನು ಆಳುವುದೋ ಎಂಬುದರ ಮೇಲೆ ಇವರ ನಿದ್ದೆ, ನಗು ಮತ್ತು ಮನೆಯವರೊಡನೆ ಆಡುವ ಮಾತಿನ ಧಾಟಿ ಕೂಡ ನಿಂತಿರುತ್ತದೆ.

ಚರ್ಮದ ಚೀಲದಿಂದ ಹೊರಬಂದ ಶಬ್ದ

"ಬಜೆಟ್" ಎಂಬ ಮಾತು ಚಿಕ್ಕ ಚರ್ಮದ ಚೀಲವೆಂಬ ಅರ್ಥದ ಹಳೆಯ ಫ್ರೆಂಚ್ ಶಬ್ದದಿಂದ ಬಂದುದು. ಭಾರತದ ಮೊದಲ ಬಜೆಟ್ಟನ್ನು ಜೇಮ್ಸ್ ವಿಲ್ಸನ್ ಎಂಬಾತನು 1860ರ ಏಪ್ರಿಲ್ 7ರಂದು ಮಂಡಿಸಿದನು. ಅದೇ ವರ್ಷದ ಆಗಸ್ಟಿನಲ್ಲಿ ಅವನು ಕಲಕತ್ತೆಯಲ್ಲಿ ತೀರಿಕೊಂಡನು. ಏಪ್ರಿಲ್ ಒಂದರಿಂದ ಮಾರ್ಚ್ ಮೂವತ್ತೊಂದರವರೆಗಿನ ಹಣಕಾಸಿನ ವರ್ಷವು 1867ರಲ್ಲಿ ಜಾರಿಗೆ ಬಂದಿತು. ಅಂದಿನಿಂದ ಇಂದಿನವರೆಗೆ ಮಾರ್ಚ್ ತಿಂಗಳು ನಮ್ಮ ಕಚೇರಿಗಳಲ್ಲಿ ಬೇಸಗೆಗಿಂತ ಬಿಸಿಯಾದ ತಿಂಗಳಾಗಿ ಉಳಿದಿದೆ.

ಆದರೆ ಹೆಸರು ಹೊಸದಾದರೂ ವಿಚಾರ ಹೊಸದಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಾಶಾಸ್ತ್ರಿಗಳು ತಾಳೆಗರಿಗಳಿಂದ ಬೆಳಕಿಗೆ ತಂದು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಅಧಿಕಾರಿಗಳು ಆಷಾಢ ಮಾಸದಲ್ಲಿ ವರ್ಷದ ಲೆಕ್ಕ ಒಪ್ಪಿಸಬೇಕೆಂಬ ವಿಧಿಯಿದೆ. ಗೊತ್ತುಮಾಡಿದ ಆದಾಯಕ್ಕಿಂತ ಕಡಿಮೆ ತಂದವನನ್ನು ಶಂಕಿಸುವಂತೆಯೇ, ಅದರ ಇಮ್ಮಡಿ ತಂದವನನ್ನೂ ಶಂಕಿಸಬೇಕೆಂದು ಆ ಗ್ರಂಥಕರ್ತನು ಎಚ್ಚರಿಸುತ್ತಾನೆ. ಮೊದಲನೆಯವನು ಅರಸನ ಧನವನ್ನು ನುಂಗಿದನು. ಎರಡನೆಯವನು ಪ್ರಜೆಗಳನ್ನು ಹಿಂಡಿದನು. ಅಂಕಿಯ ಗುರಿಯನ್ನು ಮುಟ್ಟಿದೊಡನೆ ಕೆಲಸ ಚೆನ್ನಾಯಿತೆಂದು ತಿಳಿಯಬಾರದು ಎಂಬ ಅರಿವು ಅಷ್ಟು ಹಿಂದೆಯೇ ಇದ್ದಿತು.

ಬೊಕ್ಕಸದ ಮೇಲೆ ಬಿದ್ದ ಮುದ್ರೆ

ಇನ್ನೊಬ್ಬರ ಬೀಗ ಬಿದ್ದ ಬೊಕ್ಕಸದ ಮುಂದೆ ಕೆಲಸ ಮಾಡುವವನ ಮನಸ್ಸು ಹೇಗಿರುತ್ತದೆ ಎಂಬುದಕ್ಕೆ ಕಿತ್ತೂರಿನ ಇತಿಹಾಸವೇ ಸಾಕ್ಷಿ. 1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜ ದೇಸಾಯಿಯು ತೀರಿಕೊಂಡಾಗ, ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಅವನು ಕಿತ್ತೂರಿನ ಬೊಕ್ಕಸಕ್ಕೆ ತನ್ನ ಮುದ್ರೆಯೊತ್ತಿ ಕಾವಲು ಹಾಕಿಸಿದನು. ಅಕ್ಟೋಬರ್ 23ರ ಕಾಳಗದಲ್ಲಿ ಅವನೇ ಮಡಿದನು. ಡಿಸೆಂಬರಿನಲ್ಲಿ ಕೋಟೆ ಬಿದ್ದಿತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕಣ್ಣು ಮುಚ್ಚಿದಳು. ಆಕೆಯ ಸಮಾಧಿ ಇಂದಿಗೂ ಆ ಊರಿನಲ್ಲಿದೆ.

ಆ ಯುದ್ಧ ನಡೆದುದು ಹಣಕ್ಕಾಗಿ ಎಂದು ಯಾರೂ ಹೇಳರು. ಅದು ಸ್ವಾತಂತ್ರ್ಯದ ಮತ್ತು ಉತ್ತರಾಧಿಕಾರದ ಪ್ರಶ್ನೆ. ಆದರೆ ಬೊಕ್ಕಸದ ಮೇಲಿನ ಮುದ್ರೆಯು ಆ ಪ್ರಶ್ನೆಯನ್ನು ಕಣ್ಣಿಗೆ ಕಾಣುವಂತೆ ಮಾಡಿತು. ಸಂಸ್ಥಾನವನ್ನು ನಡೆಸುವ ಹೊಣೆ ಒಬ್ಬರದು, ಬೀಗದ ಕೈ ಇನ್ನೊಬ್ಬರದು ಎಂಬ ಸ್ಥಿತಿಯನ್ನು ಮಾನವಂತರು ಸಹಿಸಲಾರರು. ಇಂದಿನ ಕಚೇರಿಗಳಲ್ಲಿ ಕತ್ತಿ ಹಿರಿಯುವವರಿಲ್ಲ. ಆದರೆ ಹೊಣೆ ಮತ್ತು ಬೀಗದ ಕೈ ಬೇರೆಬೇರೆಯಾದಾಗ ಮನಸ್ಸಿನಲ್ಲಿ ಏಳುವ ಕುದಿ ಅದೇ ಜಾತಿಯದು.

ನೀರಿನ ರೊಕ್ಕ, ದಾರಿಯ ರೊಕ್ಕ

ಗ್ರಾಮ ಪಂಚಾಯತಿಯ ಆಯವ್ಯಯದಲ್ಲಿ ಈ ಮಾತು ಚೆನ್ನಾಗಿ ಕಾಣಿಸುತ್ತದೆ. ಕೇಂದ್ರದ 15ನೆಯ ಹಣಕಾಸು ಆಯೋಗವು 2021-22ರಿಂದ 2025-26ರವರೆಗಿನ ಅವಧಿಗೆ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ ಕೊಡಿಸಿದ ಅನುದಾನದಲ್ಲಿ ಶೇಕಡಾ 60ರಷ್ಟು ಕಟ್ಟುಪಾಡಿನದು: ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ಉಳಿದ ಶೇಕಡಾ 40ನ್ನು ಊರಿನ ಅಗತ್ಯಕ್ಕೆ ತಕ್ಕಂತೆ ಬಳಸಬಹುದಾಗಿತ್ತು. ಸಂಬಳಕ್ಕೂ ಕಚೇರಿಯ ಆಡಳಿತ ವೆಚ್ಚಕ್ಕೂ ಅದನ್ನು ಮುಟ್ಟುವಂತಿರಲಿಲ್ಲ. ಹತ್ತು ಲಕ್ಷ ರೂಪಾಯಿ ಬಂತೆನ್ನಿ. ಮೂರು ಲಕ್ಷ ನೀರಿನದು, ಮೂರು ಲಕ್ಷ ನೈರ್ಮಲ್ಯದ್ದು, ನಾಲ್ಕು ಲಕ್ಷ ಮಾತ್ರ ಊರವರ ಯೋಚನೆಗೆ ಬಿಟ್ಟದ್ದು.

ಈಗ ಹಳ್ಳಿಯ ಹಿರಿಯರೊಬ್ಬರು ಪಂಚಾಯತಿ ಅಧಿಕಾರಿಯ ಮೇಜಿನ ಮುಂದೆ ಬಂದು ಕುಳಿತರೆಂದು ಕಲ್ಪಿಸಿಕೊಳ್ಳಿ.

"ಸಾಹೇಬ್ರ, ರೊಕ್ಕ ಬಂದೈತಿ ಅಂತ ಕೇಳೀವಿ. ಹಳ್ಳದ ದಾರಿಗಿ ನಾಕ ಬುಟ್ಟಿ ಖಡಿ ಹಾಕಸಾಕ ಏನ ಅಡ್ಡಿ?"

"ಬಂದೈತ್ರೀ ಯಜಮಾನ್ರ. ಆದ್ರ ಉಳದದ್ದು ನೀರಿನ ಬಾಬತ್ತಿಂದು."

"ನೀರಿನ ರೊಕ್ಕದ ಮ್ಯಾಲೆ ಬ್ಯಾರೆ ಗಾಂಧಿ ಅದಾನೇನ್ರಿ?"

ಅಧಿಕಾರಿಗೆ ನಗು ಬರಬಹುದು, ಉತ್ತರ ಬರಲಾರದು. ಕಟ್ಟುಪಾಡನ್ನು ಮಾಡಿದವರಿಗೂ ಕಾರಣವಿತ್ತು. ಅದಿಲ್ಲದಿದ್ದರೆ ನೀರು, ಚರಂಡಿಗಳಂಥ ಮೆರುಗಿಲ್ಲದ ಕೆಲಸಗಳು ಹಿಂದೆ ಬಿದ್ದು, ಕಮಾನು, ಕಟ್ಟಡಗಳು ಮುಂದೆ ಬರುತ್ತವೆ ಎಂಬುದು ಅನುಭವದ ಮಾತು. ಆದ್ದರಿಂದ ಕಟ್ಟುಪಾಡು ತಪ್ಪೆಂದು ಹೇಳುವಂತಿಲ್ಲ. ಆದರೆ ಅದರ ಬಿಸಿ ತಟ್ಟುವುದು ಅದನ್ನು ಬರೆದವರಿಗಲ್ಲ. ಹಿರಿಯರ ಎದುರು ಕುಳಿತ ಆ ಒಬ್ಬ ಅಧಿಕಾರಿಗೆ. ಮೇಲಿನವರ ಕಣ್ಣಿಗೆ ಅವನು ಖರ್ಚುಗಾರ, ಕೆಳಗಿನವರ ಕಣ್ಣಿಗೆ ಜಿಪುಣ. ಉದ್ಯೋಗದಲ್ಲಿ ತೃಪ್ತಿಯೆಂಬುದು ಸಂಬಳದಿಂದಷ್ಟೇ ಬರುವುದಾಗಿದ್ದರೆ ಈ ಅವಸ್ಥೆಯನ್ನು ಮರೆಯಬಹುದಾಗಿತ್ತು. ತನ್ನ ವಿವೇಚನೆಗೆ ಬೆಲೆಯಿದೆ ಎಂಬ ನಂಬಿಕೆಯಿಂದ ಅದು ಹುಟ್ಟುತ್ತದೆಯಾದ್ದರಿಂದ ಮರೆಯುವುದು ಸುಲಭವಲ್ಲ.

ಮಾರ್ಚಿನ ಅಂದಾಜು, ಆಗಸ್ಟಿನ ನೆರೆ

ಅಂದಾಜನ್ನು ಯಾರು ಮಾಡಿದರೆಂಬುದು ಒಂದು ಮಾತು. ಅದನ್ನು ಯಾವುದಕ್ಕೆ ಅಳತೆಗೋಲಾಗಿ ಬಳಸುತ್ತಾರೆಂಬುದು ಇನ್ನೊಂದು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ, ನವಿಲುತೀರ್ಥದ ಅಣೆಕಟ್ಟಿನಿಂದ ನೀರು ಬಿಟ್ಟಾಗ ಸವದತ್ತಿ ಮತ್ತು ರಾಮದುರ್ಗ ತಾಲೂಕುಗಳ ನದಿತೀರದ ಊರುಗಳು ಜಲಾವೃತವಾದವು. ಮಾರ್ಚಿನಲ್ಲಿ ಒಪ್ಪಿಗೆ ಪಡೆದ ಯಾವ ಆಯವ್ಯಯದಲ್ಲಿ ಆ ನೆರೆಗೆ ಒಂದು ಸಾಲು ಮೀಸಲಾಗಿದ್ದೀತು? ಅಂಥ ವರ್ಷದಲ್ಲಿ ಅಂದಾಜನ್ನು ಮೀರದೆ ಉಳಿದವನು ಒಳ್ಳೆಯ ಅಧಿಕಾರಿಯೋ, ಜನರಿಗೆ ಅನ್ನವನ್ನೂ ಆಸರೆಯನ್ನೂ ಒದಗಿಸಲು ಅಂದಾಜನ್ನು ಮೀರಿದವನು ಒಳ್ಳೆಯ ಅಧಿಕಾರಿಯೋ?

ನೆರೆಯ ಮಾತೇಕೆ, ಸಾಮಾನ್ಯ ವರ್ಷಗಳಲ್ಲಿಯೂ ಈ ಸೀಮೆಯ ಆದಾಯ ಸಮವಾಗಿ ಹರಿಯುವುದಿಲ್ಲ. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಜನಸಾಗರವೇ ಹರಿದುಬರುತ್ತದೆ. ಉಳಿದ ದಿನಗಳ ಸಂದಣಿಗೂ ಅದಕ್ಕೂ ಹೋಲಿಕೆಯಿಲ್ಲ. ಬೈಲಹೊಂಗಲದ ಮಾರುಕಟ್ಟೆಯ ವರಮಾನವು ಹತ್ತಿ, ಕಾಳುಕಡಿಗಳ ಆವಕವನ್ನು ಅವಲಂಬಿಸಿದುದು. ಆವಕವು ಮಳೆಯನ್ನು ಅವಲಂಬಿಸಿದುದು. ರಾಮದುರ್ಗದ ಕೈಮಗ್ಗದ ಸಂಘದಲ್ಲಿ ಲಾಭನಷ್ಟಗಳು ನೂಲಿನ ದರದ ಕೈಯಲ್ಲಿವೆ. ಆ ದರವನ್ನು ಗೊತ್ತುಮಾಡುವವರು ರಾಮದುರ್ಗದಲ್ಲಿಲ್ಲ. ಇಂಥಲ್ಲಿ ವರ್ಷದ ಅಂಕಿಯನ್ನು ಹನ್ನೆರಡರಿಂದ ಭಾಗಿಸಿ, "ಈ ತಿಂಗಳು ಏಕೆ ಕಡಿಮೆಯಾಯಿತು?" ಎಂದು ಪತ್ರ ಬರೆಯುವ ಮೇಲಧಿಕಾರಿಯು ತನ್ನ ಕೈಕೆಳಗಿನವನಿಗೆ ಕಲಿಸುವುದು ದಕ್ಷತೆಯನ್ನಲ್ಲ, ನೆಪ ಹುಡುಕುವ ವಿದ್ಯೆಯನ್ನು.

ಪಂಡಿತರು ಕಂಡದ್ದು

ಈ ವಿಷಯವನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದವರಲ್ಲಿ ಮೊದಲಿಗರು ಅಮೆರಿಕದ ಕ್ರಿಸ್ ಆರ್ಜಿರಿಸ್. 1952ರಲ್ಲಿ ಪ್ರಕಟವಾದ ಅವರ ಅಧ್ಯಯನವು ಕಾರ್ಖಾನೆಗಳ ಕೆಳಹಂತದ ಮೇಲ್ವಿಚಾರಕರನ್ನು ಕುರಿತದ್ದು. ಅವರ ಕಣ್ಣಿಗೆ ಬಜೆಟ್ ಒಂದು ಒತ್ತಡದ ಯಂತ್ರವಾಗಿ ಕಾಣುತ್ತಿತ್ತು. ತಪ್ಪನ್ನು ಹುಡುಕಿ ಮೇಲಕ್ಕೆ ವರದಿ ಮಾಡುವುದೇ ಲೆಕ್ಕದ ವಿಭಾಗದವರ ಯಶಸ್ಸಾದರೆ, ಆ ತಪ್ಪನ್ನು ಹೊರುವುದು ಮೇಲ್ವಿಚಾರಕರ ಸೋಲಾಗುತ್ತಿತ್ತು. ಒಬ್ಬರ ಗೆಲುವು ಇನ್ನೊಬ್ಬರ ಸೋಲಾದ ಮನೆಯಲ್ಲಿ ನೆಮ್ಮದಿ ಎಲ್ಲಿಯದು?

1972ರಲ್ಲಿ ಆಂಥೊನಿ ಹಾಪ್‌ವುಡ್ ಎಂಬ ವಿದ್ವಾಂಸರು ಚಿಕಾಗೋದ ಉಕ್ಕಿನ ಕಾರ್ಖಾನೆಯೊಂದರ ವಿಭಾಗಾಧಿಕಾರಿಗಳ ಬಗೆಗಿನ ಅಧ್ಯಯನವನ್ನು ಪ್ರಕಟಿಸಿದರು. ಬಜೆಟ್ಟಿನ ಅಂಕಿಯನ್ನೇ ಏಕಮಾತ್ರ ಅಳತೆಗೋಲಾಗಿ ಹಿಡಿಯುವ ಮೇಲಧಿಕಾರಿಗಳ ಕೆಳಗೆ ಉದ್ವೇಗ ಹೆಚ್ಚು, ಮೇಲಿನವರೊಡನೆಯೂ ಸಹೋದ್ಯೋಗಿಗಳೊಡನೆಯೂ ಸಂಬಂಧ ಕೆಡುವುದು ಹೆಚ್ಚು, ಲೆಕ್ಕವನ್ನು ತಿದ್ದುವ ಪ್ರವೃತ್ತಿಯೂ ಹೆಚ್ಚು ಎಂದು ಅವರು ಕಂಡರು. ಅಂಕಿಗಳನ್ನು ನೋಡುತ್ತಲೇ ಅವುಗಳ ಹಿಂದಿನ ಕಾರಣಗಳನ್ನೂ ದೀರ್ಘಕಾಲದ ಫಲವನ್ನೂ ವಿಚಾರಿಸುವವರ ಕೆಳಗೆ, ವೆಚ್ಚದ ಬಗ್ಗೆ ಎಚ್ಚರ ತಗ್ಗದೆಯೇ, ಈ ದೋಷಗಳು ಕಡಿಮೆಯಿದ್ದವು.

ಆದರೆ 1978ರಲ್ಲಿ ಡೇವಿಡ್ ಆಟ್ಲಿ ಎಂಬವರು ಬ್ರಿಟನ್ನಿನ ಕಲ್ಲಿದ್ದಲ ಉದ್ಯಮದಲ್ಲಿ ಇದನ್ನೇ ಪರೀಕ್ಷಿಸಿದಾಗ ಅದೇ ಫಲಿತಾಂಶ ಸಿಗಲಿಲ್ಲ. ಅಲ್ಲಿನ ಘಟಕಗಳು ಹೆಚ್ಚು ಸ್ವತಂತ್ರವಾಗಿದ್ದವು; ತಮ್ಮ ಅಂಕಿಗಳ ಮೇಲೆ ತಮಗೇ ಹಿಡಿತವಿತ್ತು. ಇದರಿಂದ ತಿಳಿಯಬೇಕಾದುದು ಇಷ್ಟು: ಅಂಕಿಯಿಂದ ಅಳೆಯುವುದೇ ಕೆಡುಕಲ್ಲ. ಯಾವುದರ ಮೇಲೆ ತನಗೆ ಹತೋಟಿಯಿದೆಯೋ ಅದರ ಲೆಕ್ಕ ಕೇಳಿದರೆ ಮನುಷ್ಯನು ನೊಂದುಕೊಳ್ಳುವುದಿಲ್ಲ. ಮಳೆಯ ಲೆಕ್ಕವನ್ನೂ ನೂಲಿನ ದರದ ಲೆಕ್ಕವನ್ನೂ ತನ್ನಿಂದ ಕೇಳಿದಾಗ ನೊಂದುಕೊಳ್ಳುತ್ತಾನೆ.

ಆಟಕ್ಕುಂಟು, ಲೆಕ್ಕಕ್ಕಿಲ್ಲ

ಹಾಗಾದರೆ ಆಯವ್ಯಯವನ್ನು ರೂಪಿಸುವಾಗಲೇ ಅಧಿಕಾರಿಯನ್ನು ಕೂರಿಸಿಕೊಂಡರೆ ಆಯಿತಲ್ಲವೆ ಎಂದು ವಾಚಕರು ಕೇಳಬಹುದು. ಕೂರಿಸಿಕೊಳ್ಳುವುದರಲ್ಲಿಯೂ ಎರಡು ಬಗೆಯಿದೆ. ಸಭೆ ಕರೆದು, ಚಹ ಕೊಟ್ಟು, ಎಲ್ಲರ ಮಾತನ್ನೂ ಬರೆದುಕೊಂಡು, ಕೊನೆಗೆ ಮೊದಲೇ ಬರೆದಿಟ್ಟ ಅಂಕಿಗೆ ರುಜು ಹಾಕಿಸಿಕೊಳ್ಳುವುದು ಒಂದು ಬಗೆ. ನಮ್ಮ ಮಕ್ಕಳ ಆಟದಲ್ಲಿ ತೀರ ಚಿಕ್ಕವರನ್ನು "ಆಟಕ್ಕುಂಟು, ಲೆಕ್ಕಕ್ಕಿಲ್ಲ" ಎಂದು ಸೇರಿಸಿಕೊಳ್ಳುವುದಿಲ್ಲವೆ, ಹಾಗೆ. ಮಕ್ಕಳು ಅದರಲ್ಲಿಯೇ ಸಂತೋಷಪಡುತ್ತಾರೆ. ದೊಡ್ಡವರಿಗೆ ಅದು ಅರ್ಥವಾಗುತ್ತದೆ. ಅಂಥ ಸಭೆಗಿಂತ ಸಭೆಯೇ ಇಲ್ಲದಿರುವುದು ಮೇಲು ಎನಿಸುತ್ತದೆ. ಇಂಥ ಹುಸಿ ಸಹಭಾಗಿತ್ವದ ಕೆಡುಕನ್ನು ಆರ್ಜಿರಿಸ್ ಆಗಲೇ ಗುರುತಿಸಿದ್ದರು.

ಇಂಥ ವಾತಾವರಣದಲ್ಲಿ ಪ್ರಾಮಾಣಿಕನಿಗೇ ದಂಡ ಬೀಳುತ್ತದೆ. ಹತ್ತು ಲಕ್ಷದ ಅಗತ್ಯವಿರುವ ಒಬ್ಬನು, ಮೇಲಿನವರು ಹೇಗೂ ಕತ್ತರಿಸುತ್ತಾರೆಂದು ಹನ್ನೆರಡು ಲಕ್ಷ ಕೇಳುತ್ತಾನೆ. ಆರನೆಯ ಒಂದು ಪಾಲನ್ನು ಕಡಿದು ಹತ್ತನ್ನು ಮಂಜೂರು ಮಾಡುತ್ತಾರೆ. ಅವನು ಗೆದ್ದನು. ಪಕ್ಕದ ಕಚೇರಿಯವನು ನಿಜವಾಗಿ ಬೇಕಾದ ಹತ್ತನ್ನೇ ಕೇಳಿದನು. ಅದೇ ಕತ್ತರಿ ಅವನ ಮೇಲೂ ಬಿದ್ದು, ಅವನ ಕೈಗೆ ಬಂದುದು ಎಂಟು ಲಕ್ಷ ಮೂವತ್ತಮೂರು ಸಾವಿರ. ಮರುವರ್ಷ ಇವನೂ ಉಬ್ಬಿಸಿ ಬರೆಯಲು ಕಲಿಯುತ್ತಾನೆ. ಮೇಲಿನವರು ಇನ್ನೂ ಹರಿತವಾದ ಕತ್ತರಿಯನ್ನು ತರುತ್ತಾರೆ. ಸುಳ್ಳು ಸುಳ್ಳನ್ನು ಬೆಳೆಸುತ್ತದೆ. ತಾನು ಸುಳ್ಳು ಬರೆದೆನೆಂಬ ಅರಿವಿನೊಡನೆ ಮನೆಗೆ ಮರಳುವವನಿಗೆ ಬಡ್ತಿ ದೊರೆತರೂ ಉದ್ಯೋಗದ ಸಂತೋಷ ದೊರೆಯದು.

ಮಾರ್ಚಿನ ಧಾವಂತವೂ ಇದೇ ಮರದ ಹಣ್ಣು. ವರ್ಷಾಂತ್ಯಕ್ಕೆ ಶಿಲ್ಕು ಉಳಿದರೆ ಅದು ಮರಳಿ ಹೋಗುತ್ತದೆ. ಅಷ್ಟೇ ಅಲ್ಲ, "ಕಳೆದ ಸಲ ಬೇಕಾಗಿರಲಿಲ್ಲವಷ್ಟೆ" ಎಂದು ಮುಂದಿನ ವರ್ಷದ ಮೊತ್ತವೂ ಕುಗ್ಗುತ್ತದೆ. ಮಾರ್ಚಿನಲ್ಲಿ ಅವಸರದಿಂದ ಖರ್ಚು ಮಾಡುವುದು ಹಣಕಾಸಿನ ಶಿಸ್ತಿಗೆ ವಿರುದ್ಧವೆಂದು ಭಾರತ ಸರಕಾರದ ನಿಯಮಗಳೇ ಹೇಳುತ್ತವೆ. ಆದರೂ ಉಳಿಸಿದವನಿಗೆ ದಂಡ, ಮುಗಿಸಿದವನಿಗೆ ಮೆಚ್ಚುಗೆ ಎಂಬ ಪದ್ಧತಿಯಿರುವವರೆಗೆ ನಿಯಮವು ಪುಸ್ತಕದಲ್ಲಿಯೇ ಉಳಿಯುತ್ತದೆ. ಹನ್ನೊಂದು ತಿಂಗಳು ಕಾಸುಕಾಸಿಗೆ ಕೈಹಿಡಿದು, ಹನ್ನೆರಡನೆಯ ತಿಂಗಳು ಕಣ್ಣು ಮುಚ್ಚಿ ರುಜು ಹಾಕುವ ಅಧಿಕಾರಿಯ ಆತ್ಮಗೌರವಕ್ಕೆ ಬೀಳುವ ಪೆಟ್ಟನ್ನು ಯಾವ ಖತಾವಣಿಯಲ್ಲಿಯೂ ಬರೆಯುವುದಿಲ್ಲ.

ಬೇರೆ ದಾರಿಗಳಿವೆಯೆ?

ಇದೆ. ಸ್ವೀಡನ್ನಿನ ಹ್ಯಾಂಡೆಲ್ಸ್‌ಬ್ಯಾಂಕ್ ಎಂಬ ದೊಡ್ಡ ಬ್ಯಾಂಕು, ಯಾನ್ ವಾಲಾಂಡರ್ ಎಂಬವರ ನೇತೃತ್ವದಲ್ಲಿ 1970ರ ದಶಕದ ಆರಂಭದಲ್ಲಿ ವಾರ್ಷಿಕ ಬಜೆಟ್ಟನ್ನೇ ಕೈಬಿಟ್ಟಿತು. ಶಾಖೆಗಳ ಅಧಿಕಾರಿಗಳಿಗೆ ನಿರ್ಣಯದ ಸ್ವಾತಂತ್ರ್ಯ ಕೊಟ್ಟು, ಒಂದು ಶಾಖೆಯ ಕೆಲಸವನ್ನು ಇತರ ಶಾಖೆಗಳ ಕೆಲಸದೊಡನೆ ಹೋಲಿಸಿ ಅಳೆಯುವ ಪದ್ಧತಿಯನ್ನು ತಂದಿತು. ಸಾರ್ವಜನಿಕ ಹಣವನ್ನು ನಿರ್ವಹಿಸುವ ನಮ್ಮ ಪಂಚಾಯತಿ, ಪುರಸಭೆಗಳಿಗೆ ಅದು ಸಾಧ್ಯವಿಲ್ಲ, ಸಲ್ಲದು ಕೂಡ. ಜನರ ತೆರಿಗೆಯ ಹಣಕ್ಕೆ ಮುಂಗಡ ಒಪ್ಪಿಗೆ ಬೇಕೇ ಬೇಕು. ಆದರೆ ಅದರ ತಿರುಳನ್ನು ಸ್ವೀಕರಿಸಬಹುದು: ಹೊಣೆ ಹೊತ್ತವನ ಕೈಗೆ ಒಂದಿಷ್ಟು ವಿವೇಚನೆಯನ್ನೂ ಕೊಡಬೇಕು.

ಡಚ್ ವಿದ್ವಾಂಸ ಗೀರ್ಟ್ ಹಾಫ್‌ಸ್ಟೆಡೆ 1967ರಲ್ಲಿ ತನ್ನ ದೇಶದ ಕಾರ್ಖಾನೆಗಳ ಅಧ್ಯಯನದಿಂದ ಇನ್ನೊಂದು ಮಾತನ್ನು ಎತ್ತಿ ತೋರಿಸಿದನು. ಗುರಿ ತೀರ ಸುಲಭವಾದರೆ ಹುರುಪಿಲ್ಲ. ಎಟುಕದಷ್ಟು ದೂರವಾದರೆ ಪ್ರಯತ್ನವೇ ಇಲ್ಲ. ಸ್ವಲ್ಪ ಮೈಚಾಚಿದರೆ ಮುಟ್ಟುವಂಥ ಗುರಿಯಿದ್ದು, ಮೇಲಧಿಕಾರಿಯೂ ಕೈಕೆಳಗಿನವನೂ ಅದನ್ನು ಒಂದು ಆಟದ ಹುರುಪಿನಿಂದ ಆಡಿದರೆ, ಬಜೆಟ್ಟು ಹೊರೆಯಾಗದೆ ಉತ್ಸಾಹದ ಮೂಲವೇ ಆಗಬಲ್ಲುದು. ಈ ಆಟದಲ್ಲಿ ಎಲ್ಲರೂ ಲೆಕ್ಕಕ್ಕಿರಬೇಕು ಎಂಬುದನ್ನು ಮಾತ್ರ ಮರೆಯಬಾರದು.

ನಮ್ಮಲ್ಲಿ ಇದಕ್ಕೆ ಬೇಕಾದ ಪರಿಕರಗಳು ಇಲ್ಲದಿಲ್ಲ. ಊರಿನ ಅಗತ್ಯಗಳನ್ನು ಪಟ್ಟಿಮಾಡಲು ವಾರ್ಡುಸಭೆ, ಗ್ರಾಮಸಭೆಗಳಿವೆ. ಖರ್ಚಾದುದನ್ನು ಊರ ಮುಂದೆ ಓದಿ ತಾಳೆ ನೋಡಲು ಜಮಾಬಂದಿಯಿದೆ. ಇವು ಶಾಸ್ತ್ರಕ್ಕೆ ನಡೆಯದೆ ನಿಜವಾಗಿ ನಡೆದಲ್ಲಿ ಅಧಿಕಾರಿ ಒಂಟಿಯಲ್ಲ. "ಈ ದಾರಿಗೆ ಈ ವರ್ಷ ಹಣವಿಲ್ಲ" ಎಂಬ ನಿರ್ಣಯವು ಆಗ ಅವನೊಬ್ಬನದಲ್ಲ, ಊರಿನದೇ ಆಗುತ್ತದೆ. ಹಳ್ಳದ ದಾರಿಯ ಹಿರಿಯರಿಗೂ ಆಗ ಉತ್ತರ ದೊರೆಯುತ್ತದೆ.

ಲೆಕ್ಕವೆಂದರೆ ಕೇವಲ ಕಾವಲುಗಾರಿಕೆಯೆಂದು ನಮ್ಮ ಪರಂಪರೆ ತಿಳಿದಿರಲಿಲ್ಲ. ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಮೇಲೆ ಬೊಕ್ಕಸದ ಹಣದ ಆಪಾದನೆ ಬಂದು, ಲೆಕ್ಕ ನೋಡಿದಾಗ ಒಂದು ಕಾಸೂ ಕಡಿಮೆಯಿರಲಿಲ್ಲವೆಂಬ ಕಥೆಯನ್ನು ಪುರಾಣಗಳು ಹೇಳುತ್ತವೆ. ಅದರಲ್ಲಿ ಪವಾಡವೆಷ್ಟು, ಚರಿತ್ರೆಯೆಷ್ಟು ಎಂಬ ವಿಚಾರ ಇಲ್ಲಿ ಬೇಡ. ಲೆಕ್ಕ ಒಪ್ಪಿಸುವುದನ್ನು ಅವಮಾನವೆಂದು ಬಗೆಯದೆ ಕಾಯಕವೆಂದು ಬಗೆದ ಒಂದು ಜನತೆ ಆ ಕಥೆಯನ್ನು ಕಾಪಾಡಿಕೊಂಡು ಬಂದಿದೆ ಎಂಬುದಷ್ಟೇ ಮುಖ್ಯ. ಲೆಕ್ಕ ಕೇಳುವವನೂ ಅದೇ ಭಾವದಿಂದ ಕೇಳಿದರೆ, ಕೊಡುವವನ ಕೈ ನಡುಗುವುದಿಲ್ಲ.

ಕೊನೆಯದಾಗಿ ಒಂದು ಮನೆಯ ಮಾತು. ಕಚೇರಿಯಲ್ಲಿ ಬೀಗದ ಕೈ ಇಲ್ಲದ ಹೊಣೆ ಹೊತ್ತು ಬೇಸತ್ತ ಗೃಹಸ್ಥನು ಎಷ್ಟೋ ಸಲ ಮನೆಯಲ್ಲಿ ತಾನೇ ಆ ಮೇಲಧಿಕಾರಿಯಾಗಿಬಿಡುತ್ತಾನೆ. ತಿಂಗಳಿಗಿಷ್ಟು ಎಂದು ಎಣಿಸಿ ಕೊಟ್ಟು, ಇಪ್ಪತ್ತನೆಯ ತಾರೀಖಿಗೆ "ಎಣ್ಣೆಗೆ ಇಷ್ಟೇಕೆ, ಬೇಳೆಗೆ ಇಷ್ಟೇಕೆ?" ಎಂದು ವಿಚಾರಣೆ ಹೂಡುತ್ತಾನೆ. ಬೇಳೆಯ ದರ ಮನೆಯೊಡತಿಯ ಕೈಯಲ್ಲಿದೆಯೆ? ಬಂದ ನೆಂಟರನ್ನು ಅವಳು ಮಾರ್ಚಿನಲ್ಲಿಯೇ ಅಂದಾಜಿಸಬೇಕಾಗಿತ್ತೆ? ತಿಂಗಳ ಮೊದಲ ದಿನ ಇಬ್ಬರೂ ಕೂಡಿ ಕುಳಿತು, ಅನಿರೀಕ್ಷಿತಕ್ಕೆಂದು ಒಂದು ಪಾಲನ್ನು ತೆಗೆದಿಟ್ಟು, ಅದರ ಮೇಲೆ ಅವಳ ವಿವೇಚನೆಯೇ ಅಂತಿಮವೆಂದು ಒಪ್ಪಿಕೊಂಡ ಮನೆಯಲ್ಲಿ ಹಣ ಹೆಚ್ಚಾಗದಿದ್ದರೂ ಜಗಳ ಕಡಿಮೆಯಾಗುತ್ತದೆ.

ಹಾಸಿಗೆ ಚಿಕ್ಕದಿರಬಹುದು. ಬಡ ದೇಶದಲ್ಲಿ, ಬಡ ತಾಲೂಕಿನಲ್ಲಿ ಅದು ಬಹುಕಾಲ ಚಿಕ್ಕದಾಗಿಯೇ ಉಳಿಯಬಹುದು. ಕಾಲು ಮಡಿಚಿ ಮಲಗಲು ನಮ್ಮ ಜನ ಹಿಂಜರಿಯುವವರಲ್ಲ. ಅಳೆಯುವಾಗ ತಮ್ಮನ್ನೂ ಕರೆದು, ಹಗ್ಗದ ಒಂದು ತುದಿಯನ್ನು ತಮ್ಮ ಕೈಗೂ ಕೊಡಲಿ ಎಂದಷ್ಟೇ ಅವರು ಬಯಸುತ್ತಾರೆ.